ಭಾನುವಾರ ಆರುವ ಹಸಿರು ಚುಕ್ಕಿ

ಮಾರ್ಚ್ 6, ಸೋಮವಾರ

ಕ್ಷಮಿಸು ಬ್ರೈಡಿ, ಬರೆಯುತ್ತಿದ್ದೇನೆ. ಈ ಕೆಲಸ ಕಲಿಸಿದವಳು ನೀನು, ‘ಕಾಗದದ ಮೇಲೆ ಒಂದಕ್ಷರವೂ ಬೇಡ’ ಎಂದು ಎಚ್ಚರಿಸಿದವಳೂ ನೀನೇ. ಆದರೆ ಬಾಯಿ ಬಿಡಲು ಯಾರೂ ಇಲ್ಲದಾಗ ಕೈ ಸುಮ್ಮನಿರುವುದಿಲ್ಲ. ಎಲ್ಲ ಮುಗಿದ ಮೇಲೆ ಹರಿದುಹಾಕುತ್ತೇನೆ.

ನಾನು ನಿಯಮ ಮೀರಿದವಳಲ್ಲ. ಬೇರೆ ಫೋನು, ಬೇರೆ ಹೆಸರು. ಆ ಹೆಸರಿನಲ್ಲಿ ನಾನು ಇವೆಟ್, ಚಂದಾ ಕಟ್ಟಿದವರಿಗೆ ಫೋನಿನಲ್ಲಿ ಮೈ ತೋರಿಸುವ ಟಹೀಟಿಯ ಹುಡುಗಿ. ಮೂಗಿನಿಂದ ಮೇಲೆ ಮುಖ ತೋರಿಸುವುದಿಲ್ಲ, ಕಿಟಕಿಯನ್ನಂತೂ ತೋರಿಸುವುದೇ ಇಲ್ಲ. ಮೊಣಕೈಯ ಸುಟ್ಟ ಕಲೆಗೆ ಮೇಕಪ್ಪು. ಎಲ್ಲಿ ತೆಗೆದದ್ದು ಎಂಬ ಗುರುತು ಫೋಟೋದೊಳಗೇ ಅಡಗಿರುತ್ತದಲ್ಲ, ಅದನ್ನು ಅಳಿಸದೆ ಒಂದನ್ನೂ ಹಾಕಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಸಮೋವಾ, ಈ ಮೂರು ದೇಶದಲ್ಲಿ ನನ್ನ ಪುಟ ತೆರೆಯದಂತೆ ಬೀಗ. ಹಾಸ್ಟೆಲ್ ಶಾಲೆಯಲ್ಲಿ ಬೆಳೆದವಳಿಗೆ ಬೀಗ ಹಾಕುವುದನ್ನು ಕಲಿಸಬೇಕೆ? ಅಲ್ಲಿ ಸೋಪಿನ ಡಬ್ಬಿಗೂ ಬೀಗ ಹಾಕುತ್ತಿದ್ದೆವು.

ಇಪ್ಪತ್ತೆರಡು ತುಂಬಿದ ಮೇಲೆ ನರ್ಸಿಂಗ್ ಮೊದಲ ವರ್ಷ. ಜೊತೆಯವರೆಲ್ಲ ಚಿಕ್ಕವರು, ಧೈರ್ಯದವರು. ನಾನು ಅಟೆಂಡೆನ್ಸ್ ಕೂಗುವಾಗ ‘ಎಸ್’ ಎನ್ನುವುದನ್ನೂ ಮನಸ್ಸಿನಲ್ಲಿ ಒಮ್ಮೆ ಅಭ್ಯಾಸ ಮಾಡಿಕೊಳ್ಳುವವಳು. ಅಮ್ಮನ ಲೆಕ್ಕದಲ್ಲಿ ನಾನು ಬಿಡುವಿನಲ್ಲಿ ಔಷಧಿ ಅಂಗಡಿಯಲ್ಲಿ ದುಡಿಯುತ್ತೇನೆ.

ಇವತ್ತು ಬೆಳಿಗ್ಗೆ ಇವೆಟ್‌ಳ ಫೋನಿಗೆ ‘ಸಾಕ್ಷಿ’ ಎಂಬ ಹೆಸರಿನ ಚಂದಾದಾರನೊಬ್ಬ ಬರೆದ:

“ನೀನು ಟಹೀಟಿಯವಳಲ್ಲ. ಎರಡು ವರ್ಷದಲ್ಲಿ ಒಂದು ಭಾನುವಾರವಾದರೂ ಮಧ್ಯಾಹ್ನದ ಊಟ, ನಿದ್ದೆ ಮುಗಿಯೋ ತನಕ ಯಾರಿಗಾದರೂ ಉತ್ತರ ಕೊಟ್ಟಿದ್ದೀಯಾ? ಅಕ್ಟೋಬರಿನ ಮಕ್ಕಳ ಭಾನುವಾರ ಬಂದರೆ ಸೋಮವಾರವೂ ನೀನಿರಲ್ಲ. ಹಾಗೆ ಮಾಡೋದು ಸಮೋವಾದವರು. ನಿನ್ನ ಹೆಸರು ಪೆನಿನಾ ಹಾರ್‌ಗ್ರೀವ್. ಈಸ್ಟರ್ ದಿನ, ಚರ್ಚಲ್ಲಿ ಒಬ್ಬೊಬ್ಬರೇ ಸಾಕ್ಷಿ ಹೇಳೋ ಹೊತ್ತಲ್ಲಿ, ಎದ್ದು ನಿಂತು ಎಲ್ಲರ ಮುಂದೆ ನೀನೇ ಹೇಳು. ಹೇಳದಿದ್ದರೆ ಅವತ್ತು ಸಂಜೆ ಚರ್ಚಿನ ಪುಟದಲ್ಲಿ ನಾನು ಹೇಳ್ತೀನಿ. ಚಿತ್ರ ಸಮೇತ.”

ಎಲ್ಲದಕ್ಕೂ ಬೀಗ ಹಾಕಿದೆ, ಭಾನುವಾರವನ್ನು ಮಾತ್ರ ತೆರೆದಿಟ್ಟೆ. ಟಹೀಟಿಯವಳಾಗಿ ನಗುವುದು, ಮಾತಾಡುವುದು ಎಲ್ಲ ಕಲಿತೆ. ಚರ್ಚಿನ ಹೊತ್ತಿಗೆ ಫೋನು ಆರಿಸುವುದನ್ನು ಬಿಡಬೇಕೆಂದು ತಲೆಗೇ ಹೊಳೆಯಲಿಲ್ಲ. ಉಸಿರಾಡುವುದನ್ನು ಯಾರಾದರೂ ಮುಚ್ಚಿಡುತ್ತಾರೆಯೇ?

ಅಪ್ಪ ನಮ್ಮನ್ನು ಬಿಟ್ಟು ಇಂಗ್ಲೆಂಡಿಗೆ ಹೋದಾಗ ಅಮ್ಮನನ್ನು ಎತ್ತಿ ನಿಲ್ಲಿಸಿದ್ದು ಆ ಚರ್ಚು. ಇವತ್ತು ಅಲ್ಲಿನ ಹೆಂಗಸರ ಸಂಘಕ್ಕೆ ಅಮ್ಮನೇ ಮುಖ್ಯಸ್ಥೆ. ಆ ಚಿತ್ರಗಳು ಆ ಪುಟದಲ್ಲಿ ಬಿದ್ದರೆ ನಾನು ಹೇಗೋ ಬದುಕಿಯೇನು. ಅಮ್ಮ ಬದುಕುವುದಿಲ್ಲ.

ಮಾರ್ಚ್ 8, ಬುಧವಾರ

ಹೊಳೆದಂಡೆಯ ಕಾಫಿ ಅಂಗಡಿಯಲ್ಲಿ ಬ್ರೈಡಿ ಸಿಕ್ಕಳು. ನಲವತ್ತರ ಹೆಂಗಸು, ಎರಡು ಮಕ್ಕಳ ತಾಯಿ. ಸಂದೇಶ ಓದಿ ಕನ್ನಡಕ ತೆಗೆದಿಟ್ಟಳು.

“ಬ್ಲಾಕ್ ಮಾಡಿದ್ಯಾ?”

“ಮಾಡಿದ್ರೆ ಇವತ್ತೇ ಹಾಕಿಬಿಟ್ರೆ?”

“ಸರಿ, ಉತ್ತರ ಕೊಡ್ಬೇಡ. ಎಲ್ಲದರ ಚಿತ್ರ ತೆಗೆದಿಟ್ಕೋ. ಇಂಥದ್ದಕ್ಕೇ ಅಂತ ದೂರು ತಗೊಳ್ಳೋ ಸರ್ಕಾರಿ ಕಚೇರಿ ಇದೆ, ಅಲ್ಲಿಗೆ ಬರಿ. ನಾನೂ ಜೊತೆಗೆ ಕೂತ್ಕೋತೀನಿ.”

“ನಿಜವಾದ ಹೆಸರು ಬರೀಬೇಕಲ್ಲ.”

“ಹೌದು ಕಣೇ, ಬರೀಬೇಕು. ಅವರೇನು ಊರಿಗೆಲ್ಲ ಸಾರಲ್ಲ.”

“ಯೋಚನೆ ಮಾಡ್ತೀನಿ.”

ಅವಳು ನನ್ನ ಮುಖವನ್ನೇ ನೋಡಿದಳು. “ಪೆನಿ, ನೀನು ಬೇರೇನೋ ಯೋಚನೆ ಮಾಡ್ತಿದೀಯ. ಸೇಡಿಗೆ ಹೋದವರನ್ನ ನಾನು ನೋಡಿದೀನಿ. ಮೊದಲು ಬೀದಿಗೆ ಬರೋದು ಅವರದೇ ಹೆಸರು.”

ಇಲ್ಲ ಎಂದೆ. ಕಪ್ಪು ಕೆಳಗಿಟ್ಟೆ. ಒಳಗಿದ್ದದ್ದು ಬರೀ ಹೆದರಿಕೆಯಲ್ಲ ಎಂದು ನನಗೆ ಮಾತ್ರ ಗೊತ್ತಿತ್ತು.

ಮಾರ್ಚ್ 12, ಭಾನುವಾರ

ಸೆತು ಅಣ್ಣ ಬೆಳಿಗ್ಗೆ ಹಾಸ್ಟೆಲಿಗೆ ಕಾರು ತಂದ. ಅವನು ದೊಡ್ಡಮ್ಮನ ಮಗ. ಐದರ ವಯಸ್ಸಿನಲ್ಲಿ ನಮ್ಮ ಮನೆಗೆ ಬಂದವನು ಅಮ್ಮನ ಮಗನಾಗಿಯೇ ಬೆಳೆದ. ಈಗಲೂ ಅಲ್ಲೇ ಇದ್ದಾನೆ.

“ಏನೇ ತಂಗಿ, ನಮ್ಮನೆ ನಾಯಿಗಿಂತ ಸಣ್ಣಗಾಗಿದೀಯಲ್ಲ?”

“ನಾಯಿಗೆ ಅಮ್ಮ ಹಾಕ್ತಾಳೆ. ನಂಗ್ಯಾರು ಹಾಕ್ತಾರೆ?”

“ಹಾಗಾದ್ರೆ ಬಾಲ ಬೆಳೆಸ್ಕೊಂಡು ಬಾ, ಪಕ್ಕದಲ್ಲೇ ತಟ್ಟೆ ಇಡಿಸ್ತೀನಿ.”

ನಕ್ಕೆ. ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಇವೆಟ್‌ಳ ಫೋನನ್ನು ಮೊದಲ ಬಾರಿಗೆ ಚರ್ಚಿಗೆ ಒಯ್ದಿದ್ದೆ. ಸಾಕ್ಷಿಯ ಹೆಸರಿನ ಪಕ್ಕ ಒಂದು ಹಸಿರು ಚುಕ್ಕಿ ಇರುತ್ತದೆ. ಅವನು ಪುಟ ತೆರೆದಿದ್ದರೆ ಉರಿಯುತ್ತದೆ, ಫೋನು ಒಳಗಿಟ್ಟರೆ ಆರುತ್ತದೆ. ವಾರವೆಲ್ಲ ದೆವ್ವದ ಕಣ್ಣಿನಂತೆ ಉರಿಯುತ್ತಿದ್ದ ಅದು ಆರಾಧನೆ ಶುರುವಾಗುವ ಹೊತ್ತಿಗೆ ಆರಿತು.

ಆಸ್ಟ್ರೇಲಿಯಾದ ಈ ಲೋಗನ್ನಿನಲ್ಲಿ ನಮ್ಮ ಸಮೋವಾದವರ ಚರ್ಚು ಒಂದೇ ಎರಡೇ? ಎಲ್ಲವೂ ಶುರುವಾಗುವುದು ಆ ಹೊತ್ತಿಗೇ, ಮುಗಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ. ಆದರೆ ಇವತ್ತು ನಮ್ಮಲ್ಲಿಗೆ ಆಕ್ಲೆಂಡಿನಿಂದ ನೆಂಟ ಚರ್ಚಿನ ಮಂದಿ ಬಂದಿದ್ದರು. ನಮ್ಮ ಪದ್ಧತಿಯಂತೆ ನೇಯ್ದ ಚಾಪೆಗಳ ಕಾಣಿಕೆ, ಅದಕ್ಕೊಂದು ಭಾಷಣ, ಆ ಭಾಷಣಕ್ಕೊಂದು ಉತ್ತರ, ಉತ್ತರಕ್ಕೆ ಕೃತಜ್ಞತೆ. ಬೇರೆ ಚರ್ಚಿನವರು ಉಂಡು ಮಲಗುವ ಹೊತ್ತಾದರೂ ನಾವು ಬೆಂಚು ಬಿಟ್ಟು ಎದ್ದಿರಲಿಲ್ಲ. ಎರಡು ಸಲ ಶೌಚಾಲಯಕ್ಕೆ ಹೋಗಿ ನೋಡಿದೆ. ಚುಕ್ಕಿ ಆರಿಯೇ ಇತ್ತು.

ಕೊನೆಯ ಆಮೆನ್ ಆಗಿ ಜನ ಮೆಟ್ಟಿಲಿಳಿಯುವಾಗ ಚೀಲದೊಳಗೆ ಫೋನು ನಡುಗಿತು. “ಬಿಳಿ ಉಡುಪು ನಿನಗೆ ಒಪ್ಪುತ್ತೆ.”

ಸುತ್ತ ಇನ್ನೂರು ಜನ ಬಿಳಿ ಉಟ್ಟು ಕೆನ್ನೆಗೆ ಮುತ್ತು ಕೊಟ್ಟುಕೊಳ್ಳುತ್ತಿದ್ದರು. ಅವರಲ್ಲೊಬ್ಬ ಅವನು. ನನ್ನನ್ನು ಹಿಡಿದುಕೊಟ್ಟ ಮೌನವೇ ಅವನನ್ನೂ ಹಿಡಿದುಕೊಡುತ್ತದೆ.

ಮಾರ್ಚ್ 15, ಬುಧವಾರ

ಗಾಯನ ತಂಡ ಸೇರಿದೆ. ಅಮ್ಮ ಫೋನಿನಲ್ಲಿ ಅತ್ತುಬಿಟ್ಟಳು, “ದೇವರು ನನ್ನ ಪ್ರಾರ್ಥನೆ ಕೇಳಿದ” ಎಂದು. ಅಭ್ಯಾಸದ ಉದ್ದಕ್ಕೂ ಚುಕ್ಕಿ ಆರಿತ್ತು, ಮುಗಿದ ಕೂಡಲೇ ಹೊತ್ತಿತು. ಹಾಡುವವರಲ್ಲೇ ಇದ್ದಾನೆ.

ಮಾರ್ಚ್ 22, ಬುಧವಾರ

ಸಿಕ್ಕ.

ಈಸ್ಟರಿನ ಹಾಡಿನಲ್ಲಿ ಏರುದನಿಯ ಗಂಡಸರು ಮೂರು ಸಲ ತಪ್ಪಿದರು. ತಂಡ ನಡೆಸುವ ಪೆಲೆನಾಟೊ ಮಾವ ಕೋಲು ಬಿಸಾಕಿದರು.

“ಬದುಕಿದ್ದೀರೋ ಸತ್ತಿದ್ದೀರೋ? ಕ್ರಿಸ್ತ ಸತ್ತೂ ಮೂರನೇ ದಿನಕ್ಕೆ ಎದ್ದ, ನೀವು ಬದುಕಿದ್ದೂ ಎರಡನೇ ಸಾಲಿಗೇ ಏಳ್ತಿಲ್ಲವಲ್ರೋ! ಉಳಿದವರೆಲ್ಲ ಮನೆಗೆ ಹೋಗಿ. ಇವರು ಮೂವರೂ ನಿಲ್ಲಲಿ.”

ಎಲ್ಲರೂ ನಗುತ್ತ ಹೊರಟರು. ಸೆತು ಅಣ್ಣ ಆ ಮೂವರಲ್ಲಿ ಒಬ್ಬ. ನಾನು ಅವನ ಕಾರಿನಲ್ಲಿ ಕಾದೆ. ಹೊರಟವರೆಲ್ಲ ಹೋಗಿ ಬೀದಿ ಖಾಲಿಯಾದರೂ ಚುಕ್ಕಿ ಹೊತ್ತಲಿಲ್ಲ. ಒಳಗೆ ಅದೇ ಎರಡನೇ ಸಾಲು ಮತ್ತೆ ಮತ್ತೆ. ಕೊನೆಗೆ ಬಾಗಿಲು ತೆರೆದು ಮೂವರೂ ಕತ್ತಲ ಅಂಗಳಕ್ಕೆ ಬಂದರು, ಚುಕ್ಕಿ ಹೊತ್ತಿಕೊಂಡಿತು. ಆಚೆ ತನ್ನ ಕಾರಿಗೆ ಒರಗಿ ನಿಂತಿದ್ದ, ಆ ಮೂವರಲ್ಲೊಬ್ಬನಾದ ಫಲನಿಕೋನ ಮುಖದ ಮೇಲೆ ಫೋನಿನ ಬೆಳಕು. ಸೆತು ಅಣ್ಣ ಮರದ ಹಿಂದಿನಿಂದ ಸಿಗರೇಟು ಮುಗಿಸಿ ಬಂದ.

“ಕಾದು ಕಾದು ಬೇರು ಬಿಟ್ಯಾ ತಂಗಿ? ಬೆಲ್ಟ್ ಹಾಕ್ಕೋ.”

ಮಾರ್ಚ್ 23, ಗುರುವಾರ

ಅವಸರ ಬೇಡವೆಂದು ಮೂವರನ್ನೂ ತೂಗಿ ನೋಡಿದೆ.

ಲೊಟೊಮೌ ಅಜ್ಜ: ಗುಂಡಿ ಒತ್ತುವ ಫೋನು, ಅದನ್ನೂ ತಲೆಕೆಳಗಾಗಿ ಹಿಡಿಯುತ್ತಾರೆ.

ಸೆತು: ಅಣ್ಣ. ನಮ್ಮಲ್ಲಿ ಅಣ್ಣ ಎಂದರೆ ತಂಗಿಯ ಮಾನಕ್ಕೆ ಆಣೆ ಇಟ್ಟವನು. ಟೀವಿಯಲ್ಲಿ ಗಂಡುಹೆಣ್ಣು ಮುತ್ತಿಟ್ಟುಕೊಂಡರೆ, ನಾನು ಕೋಣೆಯಲ್ಲಿದ್ದೇನೆ ಎಂದು ಎದ್ದು ಹೊರಗೆ ಹೋಗುತ್ತಾನೆ. ಹಗ್ಗದ ಮೇಲೆ ನನ್ನ ಒಳಬಟ್ಟೆ ಒಣಗುತ್ತಿದ್ದರೆ ಹಿತ್ತಲಿಗೇ ಬರುವುದಿಲ್ಲ. ಅವನ ಹೆಸರು ಇಲ್ಲಿ ಬರೆದದ್ದೇ ಪಾಪ.

ಉಳಿದವನು ಫಲನಿಕೋ. ಗೋದಾಮಿನಲ್ಲಿ ಸರಕೆತ್ತುವ ಗಾಡಿ ಓಡಿಸುತ್ತಾನೆ, ಚರ್ಚಿನ ಯುವಕರಿಗೆ ಮುಖಂಡ. “ಹುಡುಗೀರೇ, ಫೋನು ಸೈತಾನನ ಕಿಟಕಿ” ಎಂದು ಬೋಧಿಸುವವನು. ಹೋದ ವರ್ಷ ನಾನು ಸಮೋವನ್‌ನಲ್ಲಿ ಪ್ರಾರ್ಥನೆ ಹೇಳಿದಾಗ, “ಪೆನಿನಾ ಬೇಡ್ಕೊಂಡ್ರೆ ದೇವರಿಗೂ ದುಭಾಷಿ ಬೇಕು” ಎಂದಿದ್ದ. ಎಲ್ಲರೂ ನಕ್ಕಿದ್ದರು. ಬಿಳಿ ಅಪ್ಪನ ಮಗಳ ನಾಲಿಗೆ, ನಗಲಿ. ಈಗ ನನ್ನ ಸರದಿ.

ಏಪ್ರಿಲ್ 1, ಶನಿವಾರ

ಎರಡು ಕ್ಲಾಸು ತಪ್ಪಿಸಿದೆ. ಪರವಾಗಿಲ್ಲ.

ಕಿಟಕಿ ಕಾಣಬಾರದು ಎಂದು ಫಲನಿಕೋನಿಗೆ ಯಾರೂ ಕಲಿಸಿಲ್ಲ. ಅವನು ತನ್ನ ಪುಟದಲ್ಲಿ ಹಾಕಿದ ಹುಟ್ಟುಹಬ್ಬದ ಚಿತ್ರದ ಹಿಂದೆ ಕಿಟಕಿ, ಕಿಟಕಿಯಾಚೆ ಬೀದಿಯ ಹೆಸರು. ಹೊಸ ಕಾರಿನ ಚಿತ್ರದಲ್ಲಿ ನಂಬರು ಹಲ್ಲು ಬಿಟ್ಟುಕೊಂಡಿದೆ. ಕೆಲಸದ ಕೊರಳಪಟ್ಟಿಯಲ್ಲಿ ಗೋದಾಮಿನ ಹೆಸರು. ರಾತ್ರಿ ಪಾಳಿ ಯಾವಾಗ ಎಂಬುದನ್ನು ಅವನೇ ಗೊಣಗಿ ಬರೆದಿದ್ದಾನೆ. ಜಾಗದ ಗುರುತು ಅಳಿಸದ ಚಿತ್ರಗಳೋ, ರಾಶಿ ರಾಶಿ. ಜನ ಎಷ್ಟು ಬೆತ್ತಲೆಯಾಗಿ ಓಡಾಡುತ್ತಾರೆ! ಅದರ ಮುಂದೆ ಇವೆಟ್ ಮೈತುಂಬ ಹೊದ್ದವಳು.

ತುಂಬ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಏಪ್ರಿಲ್ 5, ಬುಧವಾರ

ಹಾಕಿದೆ. ಲೋಗನ್ನಿನ ಊರಮಂದಿಯ ಪುಟದಲ್ಲಿ, ಈ ಕೆಲಸಕ್ಕೆಂದೇ ಹುಟ್ಟಿಸಿದ ಹೆಸರಿನಿಂದ. “ಈತ ಹುಡುಗಿಯರ ಚಿತ್ರ ಇಟ್ಟುಕೊಂಡು ಹೆದರಿಸುವವನು.” ಹೆಸರು, ಮುಖ, ಮನೆ, ಕಾರು, ಗೋದಾಮು, ಪಾಳಿ.

ಈಸ್ಟರ್ ತನಕ ಕಾಯಬೇಕಿದ್ದವನು ಅವನು. ನಾನು ಕಾಯಲಿಲ್ಲ.

ಏಪ್ರಿಲ್ 6, ಗುರುವಾರ

ಬ್ರೈಡಿ ಫೋನು ಮಾಡಿದಳು.

“ಆ ಪೋಸ್ಟು ನಿಂದಾ?”

“ಯಾವುದು?”

“ಸುಳ್ಳು ಹೇಳ್ಬೇಡ. ನಾನು ಕಲಿಸಿದ್ದನ್ನೆಲ್ಲ ಹಿಂದುಮುಂದು ಮಾಡಿ ಬರೆದಂಗಿದೆ. ಆ ಮನೇಲಿ ಇನ್ಯಾರಿದಾರೆ?”

“ಅವನ ಅಮ್ಮ. ಲೋಸಾ ಆಂಟಿ.”

“ತೆಗೆದುಹಾಕೇ ಮಾರಾಯ್ತಿ.”

“ನನ್ನ ಅಮ್ಮನ ಬಗ್ಗೆ ಅವನು ಯೋಚನೆ ಮಾಡಿದ್ನಾ?”

“ಅವನೇ ಅಂತ ನಿಂಗೆ ಹೇಗೆ ಗೊತ್ತು?” ಎಂದಳು. ಚುಕ್ಕಿಯ ಕಥೆ ಹೇಳಹೊರಟೆ. ಹೇಳುತ್ತ ಹೇಳುತ್ತ ಅದು ಬಾಯಲ್ಲಿ ಸಣ್ಣದಾಗುತ್ತಿದೆ ಅನ್ನಿಸಿತು. ಕ್ಲಾಸಿದೆ ಎಂದು ಫೋನಿಟ್ಟೆ. ಕ್ಲಾಸು ಇರಲಿಲ್ಲ.

ಏಪ್ರಿಲ್ 7, ಶುಭ ಶುಕ್ರವಾರ

ಅಮ್ಮನ ಮನೆಗೆ ಬಂದಿದ್ದೇನೆ, ಈಸ್ಟರ್ ಮುಗಿಸಿ ಹೋಗುವುದು. ಇವತ್ತು ಚರ್ಚಿನಲ್ಲಿ ಅಮ್ಮನ ಪಕ್ಕದ ಜಾಗ ಖಾಲಿ ಇತ್ತು. ಲೋಸಾ ಆಂಟಿ ಇಪ್ಪತ್ತು ವರ್ಷದಿಂದ ಕೂರುವ ಜಾಗ.

ಊಟಕ್ಕೆ ಕೂತಾಗ ಅಮ್ಮನೇ ಹೇಳಿದಳು: ನಿನ್ನೆ ಯಾರೋ ನಾಲ್ಕು ಜನ ಬಂದು ಅವರ ಮನೆಯ ಕಿಟಕಿಗೆಲ್ಲ ಇಟ್ಟಿಗೆ ಎಸೆದರಂತೆ. ಗಾಜು ಲೋಸಾ ಆಂಟಿಯ ಹಣೆಗೆ ಬಿದ್ದು ಹೊಲಿಗೆ ಹಾಕಿದ್ದಾರಂತೆ. ಫಲನಿಕೋ ತಾನೇ ಪೊಲೀಸರ ಬಳಿ ಹೋಗಿ, ‘ನನ್ನ ಫೋನು ಇಟ್ಟುಕೊಂಡು ನೋಡಿ, ಏನೂ ಇಲ್ಲ’ ಎಂದು ಕೊಟ್ಟು ಬಂದನಂತೆ. ಗೋದಾಮಿನವರು ಸದ್ಯಕ್ಕೆ ಬರಬೇಡ ಅಂದಿದ್ದಾರಂತೆ.

“ಯಾವ ಪಾಪಿ ಬರೆದ್ನೋ,” ಅಮ್ಮ ಅಂದಳು, “ಅವನ ಕೈ ಸೇದಿಹೋಗ.”

“ಊಟದ ಮುಂದೆ ಶಾಪ ಬೇಡ ಚಿಕ್ಕಮ್ಮ,” ಸೆತು ಅಣ್ಣ ಅಂದ. “ಬೆಂಕಿ ಇಲ್ದೆ ಹೊಗೆ ಬರುತ್ತಾ?”

ನಾನು ಅಮ್ಮನ ತಟ್ಟೆಗೆ ಇನ್ನಷ್ಟು ಕೆಸುವಿನ ಗೆಡ್ಡೆ ಬಡಿಸಿದೆ. ಹೊಟ್ಟೆ ತಣ್ಣಗಾಗಬೇಕಿತ್ತು. ಗೆಡ್ಡೆ ಸರಿಯಾಗಿ ಬೆಂದಿರಲಿಲ್ಲ, ಅದಕ್ಕೇ ಗಂಟಲಲ್ಲಿ ತುರಿಕೆ.

ಏಪ್ರಿಲ್ 8, ಶನಿವಾರ

ಬೆಳಿಗ್ಗೆ ಇವೆಟ್‌ಳ ಫೋನಿನಲ್ಲಿ: “ಪಾಪ ಫಲನಿಕೋ. ನಾಳೆ ಮರೀಬೇಡ.”

ಫಲನಿಕೋನ ಫೋನು ಪೊಲೀಸರ ಬಳಿ ಇದೆ.

ಮಧ್ಯಾಹ್ನ ಅಮ್ಮ ನನ್ನನ್ನೂ ಸೆತು ಅಣ್ಣನನ್ನೂ ಹಬ್ಬದ ಸಾಮಾನಿಗೆ ಕಳಿಸಿದಳು. ದಾರಿಯುದ್ದಕ್ಕೂ ಅವನು ಪೆಲೆನಾಟೊ ಮಾವನಂತೆ ಒಂದು ಕೈ ಬೀಸಿ ನಟಿಸುತ್ತ ಬಂದ. ನನ್ನ ಮಡಿಲ ಚೀಲದಲ್ಲಿ ಫೋನು ತೆರೆದೇ ಇತ್ತು, ಚುಕ್ಕಿ ಆರಿತ್ತು. ಬೇಕರಿಯ ಮುಂದೆ ಕಾರು ನಿಲ್ಲಿಸಿದ.

“ತೆಂಗಿನ ಹಾಲಿನ ಬನ್ನು ತರ್ತೀನಿ. ನೀನು ಇಲ್ಲೇ ಇರು, ಬಿಸಿಲು.”

ಅವನು ಒಳಗೆ ಹೋದ, ಚುಕ್ಕಿ ಹೊತ್ತಿತು. “ಎದ್ದು ನಿಲ್ಲೋದು ಅಭ್ಯಾಸ ಮಾಡಿದ್ಯಾ?” ಗಾಜಿನಾಚೆ ಸಾಲಿನಲ್ಲಿ ನಿಂತು ಅವನು ತಲೆ ತಗ್ಗಿಸಿದ್ದ. ಬನ್ನಿನ ಚೀಲ ಕೈಗೆ ಬಂತು, ಚುಕ್ಕಿ ಆರಿತು.

ಮೈಯೆಲ್ಲ ಕಣ್ಣಾಗಿ ಕೂತೆ. ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕಟ್ಟಲು ಇಳಿದ, ಹೊತ್ತಿತು: “ಅಮ್ಮನ್ನ ಮುಂದಿನ ಬೆಂಚಲ್ಲಿ ಕೂರಿಸು.” ಬಾಗಿಲು ತೆಗೆದು ಕೂತ, ಆರಿತು.

“ಯಾಕೇ, ಮುಖ ಸುಣ್ಣ ಬಳಿದಂಗಿದೆ?”

“ಹಸಿವು.”

“ತಗೋ, ಬಿಸಿ ಇದೆ,” ಎಂದು ಬನ್ನು ಮುರಿದು ದೊಡ್ಡ ತುಂಡು ನನಗೆ ಕೊಟ್ಟ. “ಬೆಲ್ಟ್ ಹಾಕ್ಕೋ ತಂಗಿ.”

ತಿಂದೆ. ಅವನೆದುರು ಪೂರ್ತಿ ತಿಂದೆ.

ಬೀಗ ಹಾಕಿದ ಆ ಪುಟಕ್ಕೆ ಯಾವ ಕಳ್ಳದಾರಿ ಹಿಡಿದು ಬಂದ, ಏನನ್ನು ಹುಡುಕುತ್ತ ಬಂದ ಎಂದು ಯೋಚಿಸುವುದಿಲ್ಲ. ಟೀವಿಯ ಮುತ್ತಿಗೆ ಎದ್ದು ಹೋಗುತ್ತಿದ್ದವನು.

ಮನೆಗೆ ಬಂದು ಬಾಗಿಲು ಹಾಕಿಕೊಂಡು, ಹುಟ್ಟಿಸಿದ ಆ ಹೆಸರಿನಲ್ಲಿ ಮತ್ತೆ ಬರೆಯಲು ಕೂತೆ. ಹೆಸರು ಬರೆದೆ. ಮುಖದ ಚಿತ್ರ ಹಾಕಿದೆ. ಮನೆಯ ವಿಳಾಸ ಬರೆಯುತ್ತ ಬೀದಿಯ ಹೆಸರಿಗೆ ಬಂದು ಬೆರಳು ನಿಂತಿತು. ಗೋಡೆಯಾಚೆ ಅಮ್ಮ ನಾಳೆಯ ಬಿಳಿ ಉಡುಪುಗಳಿಗೆ ಇಸ್ತ್ರಿ ಹಾಕುತ್ತ ಹಾಡುತ್ತಿದ್ದಳು. ಅವನ ವಿಳಾಸ ನಮ್ಮ ವಿಳಾಸ. ಅವನ ಕಿಟಕಿಗೆ ಬೀಳುವ ಇಟ್ಟಿಗೆ ಅಮ್ಮನ ಹಣೆಗೆ.

ಅಳಿಸಿದೆ. ಫಲನಿಕೋನ ಮೇಲೆ ಬರೆದದ್ದನ್ನೂ ಅಳಿಸಿದೆ, ಅದೀಗ ಯಾವ ಕೆಲಸಕ್ಕೂ ಬಾರದು. ಸೆತುವನ್ನು ಬಿಡುತ್ತೇನೆ ಎಂದಲ್ಲ. ಬೇರೆ ದಾರಿ ಇದೆ.

ಏಪ್ರಿಲ್ 9, ಈಸ್ಟರ್ ಭಾನುವಾರ

ಬೆಳಗಾಗುತ್ತಿದೆ. ಬಚ್ಚಲಿನಲ್ಲಿ ಸೆತು ಹಾಡು ಅಭ್ಯಾಸ ಮಾಡುತ್ತಿದ್ದಾನೆ, ಎರಡನೇ ಸಾಲು ಈಗ ಸರಿಯಾಗಿ ಏರುತ್ತಿದೆ. ಅಮ್ಮನನ್ನು ಹಾಸಿಗೆಯಿಂದ ಎಬ್ಬಿಸಿ ಎಲ್ಲ ಹೇಳಿದೆ, ಇವೆಟ್‌ಳಿಂದ ಹಿಡಿದು ಇಟ್ಟಿಗೆಯ ತನಕ, ಸೆತುವಿನ ಹೆಸರನ್ನೂ ಬಿಡದೆ. ಅವನ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳಲಿ. ಅಮ್ಮ ಹೊಡೆಯಲಿಲ್ಲ, ಅಳಲಿಲ್ಲ. ನನ್ನ ಬಲಗೈಯನ್ನು ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಎದ್ದು ಚರ್ಚಿನ ಟೋಪಿ ಹುಡುಕತೊಡಗಿದಳು, ದೊಡ್ಡದನ್ನು, ಮುಂದಿನ ಬೆಂಚಿಗೆ ಹಾಕಿಕೊಳ್ಳುವುದನ್ನು. ಕೆಳಗಿನ ಸಂದೇಶ ಕಳಿಸುವ ಮೊದಲು ಇಲ್ಲಿ ಬರೆದು ನೋಡುತ್ತಿದ್ದೇನೆ, ತಪ್ಪಾಗಬಾರದು:

“ಫಲನಿಕೋ, ನಾನು ಪೆನಿನಾ. ಇದು ನನ್ನ ನಿಜವಾದ ನಂಬರು. ನಿನ್ನ ಫೋನು ಪೊಲೀಸರ ಹತ್ರ ಇದೆಯಲ್ಲ, ಅದಕ್ಕೆ ನಿಮ್ಮಮ್ಮನ ಫೋನಿಗೆ ಕಳಿಸ್ತಿದೀನಿ. ಲೋಸಾ ಆಂಟಿ, ನೀವೇ ಮೊದಲು ಓದ್ತಿದ್ರೆ ಓದಿ. ನಿಮ್ಮ ಮನೆಯ ವಿಳಾಸ ಹಾಕಿದವಳು ನಾನು. ನನ್ನನ್ನು ಹೆದರಿಸ್ತಿದ್ದವನು ನೀನೇ ಅಂದ್ಕೊಂಡೆ. ನೀನಲ್ಲ, ಸೆತು. ಹೆದರಿಸಿದ್ದು ಯಾವುದಕ್ಕೆ ಅನ್ನೋದನ್ನ ಇವತ್ತು ಸಾಕ್ಷಿ ಹೊತ್ತಲ್ಲಿ ನಾನೇ ಎದ್ದು ಹೇಳ್ತೀನಿ. ಅವನಿಗೆ ಬೇಕಾಗಿದ್ದೂ ಅದೇ, ಅವನ ಹೆಸರೂ ಜೊತೆಗೆ ಬರುತ್ತೆ ಅಂತ ಮಾತ್ರ ಅವನಿಗೆ ಗೊತ್ತಿಲ್ಲ. ಬರೀ ಮಾತು ಸಾಲದು, ಅವನು ನಕ್ಕು ತೇಲಿಸಿಬಿಡ್ತಾನೆ. ನಾನು ಎದ್ದ ತಕ್ಷಣ ಅವನು ಹೆದರಿಸೋಕೆ ಬಳಸಿದ ಖಾತೆಗೆ ಒಂದು ಸಂದೇಶ ಕಳಿಸ್ತೀನಿ. ಚರ್ಚಲ್ಲಿ ಅವನು ಫೋನು ಆರಿಸಲ್ಲ, ಸದ್ದು ಮಾತ್ರ ತೆಗೆದು ಕೋಟಿನ ಒಳಜೇಬಲ್ಲಿ ಇಡ್ತಾನೆ, ಅದು ನಡುಗುತ್ತೆ. ಹಾಡೋರ ಸಾಲಲ್ಲಿ ಅವನ ಪಕ್ಕದ ಜಾಗ ನಿಂದು. ಬಂದು ನಿಂತ್ಕೋ. ಕೈ ಹಾಕಿ ತೆಗೆದು, ಪರದೆ ಆರೋ ಮುಂಚೆ ಪಾದ್ರಿಗಳ ಕೈಗೆ ಕೊಡು. ನಿನ್ನ ಹೆಸರು ತೊಳೆಯೋಕೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ. ನನ್ನ ಮೇಲೆ ತೀರಿಸ್ಕೊಳ್ಳೋದು ಇದ್ದರೆ ನಾಳೆ ತೀರಿಸ್ಕೋ, ಪೊಲೀಸರ ಹತ್ರ ಕರ್ಕೊಂಡು ಹೋದ್ರೂ ಬರ್ತೀನಿ. ಇವತ್ತು ಮಾತ್ರ ಅವನದು. ನಾವು ಮನೆಯಿಂದ ಹೊರಡೋದರೊಳಗೆ ನಂಗೆ ಗೊತ್ತಾಗಬೇಕು. ಬರ್ತೀಯೋ ಇಲ್ವೋ, ದಯವಿಟ್ಟು ಬೇಗ ಉತ್ತರ ಕೊಡು.”